ನಾಯಿ ಮೂಸುವ ಮಚ್ಚೆ

ಪ್ರಶ್ನೆ: ನಾಯಿ, ಪಾರಿವಾಳಗಳು ಕ್ಯಾನ್ಸರ್ ಗುರುತು ಹಿಡಿಯುತ್ತವಂತೆ. ನಿಜವೇ? ನಮ್ಮ ನಾಯಿ ಎರಡು ತಿಂಗಳಿಂದ ನನ್ನ ಅಂಗಾಲಿನ ಕಪ್ಪು ಮಚ್ಚೆಯನ್ನೇ ಮೂಸುತ್ತದೆ. ಮನೆಯವರು ‘ಸುಮ್ನೆ ಹೆದರಬೇಡ’ ಅಂತಾರೆ.
– ಓದುಗರೊಬ್ಬರು, ಸಾಗರ

ಉತ್ತರ: ನಿಜ ಕಣಮ್ಮ. 1989ರಲ್ಲಿ ಲಂಡನ್ನಿನ ಇಬ್ಬರು ಚರ್ಮದ ಡಾಕ್ಟರುಗಳು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಅದರಲ್ಲಿರುವ ಹೆಂಗಸಿನ ಕಥೆ ಥೇಟ್ ನಿಮ್ಮದೇ. ಅವರ ನಾಯಿ ತೊಡೆಯ ಮೇಲಿನ ಒಂದು ಮಚ್ಚೆಯನ್ನು ಪ್ಯಾಂಟಿನ ಮೇಲಿಂದಲೂ ಮೂಸುತ್ತಿತ್ತು. ಉಳಿದ ಮಚ್ಚೆಗಳ ಗೊಡವೆಗೇ ಹೋಗುತ್ತಿರಲಿಲ್ಲ. ಒಂದು ದಿನ ಕಚ್ಚಿ ಕೀಳಲು ಹೋಯಿತು. ತೆಗೆಸಿ ನೋಡಿದರೆ ಮೆಲನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್.

2004ರಲ್ಲಿ ಇಂಗ್ಲೆಂಡಿನಲ್ಲೇ ಆರು ನಾಯಿಗಳಿಗೆ ಏಳು ತಿಂಗಳು ತರಬೇತಿ ಕೊಟ್ಟರು. ಪ್ರತಿ ಸಲ ಏಳು ಮೂತ್ರದ ಮಾದರಿ ಇಡುವುದು, ಅದರಲ್ಲಿ ಮೂತ್ರಕೋಶದ ಕ್ಯಾನ್ಸರ್ ಇದ್ದವರದು ಒಂದೇ. 54 ಸಲದಲ್ಲಿ 22 ಸಲ ಸರಿಯಾಗಿ ಹೇಳಿದವು. ಅಂದಾಜಿಗೆ ತೋರಿಸಿದ್ದರೆ ಎಂಟು ಸಲ ಸರಿಯಾಗುತ್ತಿತ್ತು, ಅಷ್ಟೇ. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ತರಬೇತಿಯ ವೇಳೆ, ಕ್ಯಾನ್ಸರ್ ಇಲ್ಲವೆಂದು ಪರೀಕ್ಷೆಯಾಗಿದ್ದ ಒಬ್ಬರ ಮಾದರಿಯನ್ನೇ ಎಲ್ಲ ನಾಯಿಗಳೂ ತೋರಿಸುತ್ತಿದ್ದವು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಬಲ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಇತ್ತು!

ಪಾರಿವಾಳದ ವಿಷಯವೂ ನಿಜ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಗೆಡ್ಡೆಯ ತುಣುಕುಗಳನ್ನು ತೆಳ್ಳಗೆ ಕೊಯ್ದು, ಗುಲಾಬಿ ನೇರಳೆ ಬಣ್ಣ ಹಾಕಿ ಸ್ಲೈಡು ಮಾಡಿದವಳು ನಾನು. ಆ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳೋದು ಎಷ್ಟು ಕಷ್ಟ ಅಂತ ಗೊತ್ತು. 2015ರಲ್ಲಿ ಅಮೆರಿಕದ ಲೆವೆನ್ಸನ್, ವಾಸರ್ಮನ್ ಮತ್ತು ಜೊತೆಗಾರರು ಸ್ತನದ ಸ್ಲೈಡುಗಳ ಚಿತ್ರ ತೋರಿಸಿ, ಸರಿಯಾಗಿ ಕುಕ್ಕಿದರೆ ಕಾಳು ಕೊಟ್ಟು ಪಾರಿವಾಳಗಳಿಗೆ ಕಲಿಸಿದರು. ಹದಿನೈದೇ ದಿನಕ್ಕೆ ನೂರಕ್ಕೆ 85ರಷ್ಟು ಸರಿ. ನಾಲ್ಕು ಹಕ್ಕಿಗಳ ಉತ್ತರ ಒಟ್ಟು ಮಾಡಿದರೆ 99! ಮ್ಯಾಮೊಗ್ರಾಮಿನಲ್ಲಿ (ಸ್ತನದ ಎಕ್ಸ್-ರೇ) ಕಾಣುವ ಗಂಟುಗಳಲ್ಲಿ ಮಾತ್ರ ಸೋತವು. ನೋಡಿದ ಚಿತ್ರ ನೆನಪಿಟ್ಟುಕೊಂಡವು, ಹೊಸದು ಕೊಟ್ಟರೆ ತಿಳಿಯಲಿಲ್ಲ.

ಈಗ ನಿಮ್ಮ ಮಚ್ಚೆ. ನಾಯಿ ಉಪ್ಪಿನ ಬೆವರಿಗೂ ಮೂಸುತ್ತದೆ, ನಿಜ. ಆದರೆ ನಮ್ಮ ಜನರಲ್ಲಿ ಮೆಲನೋಮ ಬಂದರೆ ಅಂಗಾಲಲ್ಲೇ ಜಾಸ್ತಿ. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ. ದೊಡ್ಡದಾಗಿದೆಯಾ, ಅಂಚು ಅಂಕುಡೊಂಕಾಗಿದೆಯಾ, ಬಣ್ಣ ಬದಲಾಗಿದೆಯಾ, ರಕ್ತ ಜಿನುಗಿದೆಯಾ ಅನ್ನೋದನ್ನೂ ಹೇಳಿ. ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡೋಣ ಅಂದರೆ ಬೇಡ ಅನ್ನಬೇಡಿ. ಮನೆಯವರನ್ನೂ ಕರೆದುಕೊಂಡು ಹೋಗಿ. ರಿಪೋರ್ಟ್ ಬಂದ ಮೇಲೆ ನನಗೊಂದು ಕಾಗದ ಹಾಕಿ, ಕಾಯುತ್ತಿರುತ್ತೇನೆ.