ಓದುಗರ ಪ್ರಶ್ನೆ: ಪೆಟ್ರೋಲ್ ಮುಗಿಯೋದು ಯಾವಾಗ?

ಪ್ರಶ್ನೆ: ಸರ್, 1986ರಲ್ಲಿ ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಸೈನ್ಸ್ ಮೇಷ್ಟ್ರು "ಇನ್ನು 30 ವರ್ಷಕ್ಕೆ ಪೆಟ್ರೋಲ್ ಖಾಲಿ, ಆಮೇಲೆ ಎಲ್ಲಾರೂ ಸೈಕಲ್ಲೇ" ಅಂದಿದ್ರು. ಈಗ ನನ್ನ ಮಗನಿಗೂ ಅದನ್ನೇ ಹೇಳ್ಕೊಡ್ತಿದಾರೆ. ನಿಜವಾಗ್ಲೂ ಮುಗಿಯೋದು ಯಾವಾಗ?
(ತಿಪಟೂರಿನ ಓದುಗರೊಬ್ಬರು)

ಉತ್ತರ: ಮೇಷ್ಟ್ರು ಸುಳ್ಳು ಹೇಳ್ಲಿಲ್ಲ, ಅರ್ಧ ಲೆಕ್ಕ ಹೇಳಿದ್ರು. ನೆಲದೊಳಗಿನ ಕಚ್ಚಾ ಎಣ್ಣೆ ನಿಕ್ಷೇಪವನ್ನ ವರ್ಷದ ಬಳಕೆಯಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅದು. ಆದ್ರೆ ನಿಕ್ಷೇಪ ಅಂದ್ರೆ ಅಲ್ಲಿರೋ ಎಲ್ಲಾ ಎಣ್ಣೆ ಅಲ್ಲ, ಇವತ್ತಿನ ರೇಟಲ್ಲಿ ಇವತ್ತಿನ ಮಿಷಿನ್ನಲ್ಲಿ ತೆಗೆದ್ರೆ ಗಿಟ್ಟೋವಷ್ಟು ಮಾತ್ರ. ರೇಟು ಏರ್ತು ಅಂದ್ರೆ ನಿಕ್ಷೇಪಾನೂ ಏರುತ್ತೆ!

ನಿಮ್ಮ ತೆಂಗಿನ ತೋಟದ ಬೋರ್‌ವೆಲ್ ತಗೊಳ್ಳಿ. ಮೊದ್ಲು 150 ಅಡಿಗೇ ನೀರು, ಆಮೇಲೆ 400, ಈಗ 900 ಅಡಿ ಕೊರೆಸಿದ್ರೂ ಅರ್ಧ ಇಂಚು ಬರುತ್ತೋ ಇಲ್ವೋ. ನೀರು 'ಮುಗಿದ' ದಿನ ಅಂತ ಯಾವ್ದೂ ಇರ್ಲಿಲ್ಲ, ಸಾಲ ಜಾಸ್ತಿಯಾದ ವರ್ಷಗಳು ಮಾತ್ರ ಇದ್ವು ಅಲ್ವಾ? ಎಣ್ಣೆ ಬಾವೀನೂ ಹೀಗೇ, ಶುರುವಲ್ಲಿ ಒಳಗಿನ ಒತ್ತಡಕ್ಕೆ ತಾನೇ ಚಿಮ್ಮುತ್ತೆ, ಆಮೇಲೆ ಪಂಪ್ ಬೇಕು, ಆಮೇಲೆ ಒಳಗೆ ನೀರು ತುರುಕಿ ಎಣ್ಣೇನ ಮೇಲಕ್ಕೆ ತಳ್ಬೇಕು.

ಈ ಇಳಿತದ ಲೆಕ್ಕ ಹಾಕಿದವರು ಶೆಲ್ ಕಂಪನಿ ಭೂವಿಜ್ಞಾನಿ ಕಿಂಗ್ ಹಬರ್ಟ್. ಅಮೆರಿಕದ ಉತ್ಪಾದನೆ 1970ರ ಆಸುಪಾಸಲ್ಲಿ ಶಿಖರ ಮುಟ್ಟಿ ಇಳಿಯುತ್ತೆ ಅಂತ 1956ರಲ್ಲೇ ಹೇಳಿದ್ರು, 1970ರಲ್ಲಿ ಹಾಗೇ ಆಯ್ತು. ಆಮೇಲೆ ನಡುವೆ ಸ್ವಲ್ಪ ಏರಿದ್ರೂ ಸುಮಾರು 40 ವರ್ಷ ಒಟ್ಟಾರೆ ಇಳೀತಾನೇ ಬಂತು. ಅಷ್ಟರಲ್ಲಿ ಕಲ್ಲಿನ ಪದರದೊಳಗೆ ಅಡ್ಡ ಕೊರೆದು, ನೀರು ಮರಳು ಜೋರಾಗಿ ನುಗ್ಗಿಸಿ ಬಂಡೆ ಸೀಳೋ ಫ್ರ್ಯಾಕಿಂಗ್ ಕೈಗೆ ಬಂತು ನೋಡಿ, 2018ಕ್ಕೆ ಹಳೇ ದಾಖಲೇನೇ ದಾಟಿಬಿಟ್ರು. ಹಬರ್ಟ್ ಸೋತ್ರು ಅಂತ ನಗೋರಿದ್ದಾರೆ, ನಾನು ನಗಲ್ಲ, ಯಾಕಂದ್ರೆ ಈ ಬಾವಿಗಳು ಮೊದಲ ಒಂದೆರಡು ವರ್ಷದಲ್ಲೇ ದಬದಬ ಇಳಿಯುತ್ವೆ, ಕೊರೀತಾನೇ ಇರ್ಬೇಕು. ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಕುಡಿಯುತ್ತೆ, ಒಂದು ಬ್ಯಾರೆಲ್ ಅಂದ್ರೆ 159 ಲೀಟರ್. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಹೊರಗಿಂದ್ಲೇ ಬರೋದು. ಅದಕ್ಕೇ ಮುಗಿಯೋ ತಾರೀಖು ಬಿಡಿ, ರೇಟು ನೋಡಿ.

ಪ್ರಶ್ನೆ: ನಮ್ಮ ಬದುವಿನ ಮೇಲೆ 12 ಹೊಂಗೆ ಮರ ಇದಾವೆ. ಆ ಎಣ್ಣೆ ಹಾಕಿ ಟ್ರ್ಯಾಕ್ಟರ್ ಓಡಿಸ್ಬಹುದಾ?
(ಅರಸೀಕೆರೆಯ ರೈತರು)

ಉತ್ತರ: ಓಡುತ್ತೆ, ಆದ್ರೆ ಸೀದಾ ಸುರೀಬೇಡಿ ಮಾರಾಯ್ರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನನ್ನ ಕಡಲೆಕಾಯಿ ಎಣ್ಣೇಲೇ ಓಡಿಸಿ ತೋರ್ಸಿದ್ರು. ನಮ್ಮಲ್ಲೂ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಉಡುಪಿ ಶ್ರೀನಿವಾಸ ಅವರ ತಂಡ ಕಗ್ಗೇನಹಳ್ಳಿ ಅನ್ನೋ ಊರಲ್ಲಿ ಹೊಂಗೆ ಎಣ್ಣೆ ಜನರೇಟರ್ ಇಟ್ಟು ಬೋರ್ ನೀರೆತ್ತಿಸಿತ್ತು. ಆದ್ರೆ ಹಸಿ ಎಣ್ಣೆ ಮಂದ, ಈಗಿನ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ಕಟ್ಕೊಳ್ಳುತ್ತೆ, ವಾರಂಟೀನೂ ಹೋಗುತ್ತೆ. ಅದನ್ನ ತೆಳು ಮಾಡೋಕೆ ಮೆಥನಾಲ್ ಮತ್ತೆ ಕಾಸ್ಟಿಕ್ ಸೋಡಾ ಸೇರಿಸಿ ಬಿಸಿ ಮಾಡಿ ಕಲಕಿ ಒಂದ್ ರಾತ್ರಿ ಬಿಡ್ಬೇಕು. ಒಂದು ಘಟಕದಲ್ಲಿ ನಾನೇ ನೋಡಿದೀನಿ, ಬೆಳಗ್ಗೆ ಗಾಜಿನ ಜಾಡಿ ತಳದಲ್ಲಿ ಕಾಕಂಬಿ ಥರ ಕಪ್ಪಗೆ ಗ್ಲಿಸರಿನ್ ಕೂತಿತ್ತು, ಮೇಲೆ ಜೇನಿನ ಬಣ್ಣದ ಬಯೋಡೀಸೆಲ್. ಮನೇಲಿ ಮಾತ್ರ ಮಾಡೋಕೆ ಹೋಗ್ಬೇಡಿ, ಮೆಥನಾಲ್ ವಿಷ, ಬೆಂಕೀನೂ ಬೇಗ ಹತ್ಕೊಳ್ಳುತ್ತೆ.

ಈಗ ಲೆಕ್ಕ. ಒಂದು ಲೀಟರ್ ಎಣ್ಣೆಗೆ ಗಾಣದಲ್ಲಿ ಹತ್ರತ್ರ 4 ಕೆಜಿ ಬೀಜ ಬೇಕು. ಮರಕ್ಕೆ 20 ಕೆಜಿ ಅಂತಿಟ್ಕೊಂಡ್ರೂ 5 ಲೀಟರ್, ಅಂದ್ರೆ 12 ಮರದ ವರ್ಷದ ಫಸಲಿಗೆ 60 ಲೀಟರ್. ಟ್ರ್ಯಾಕ್ಟರ್ ಟ್ಯಾಂಕ್ ಒಂದ್ಸಲ ತುಂಬುತ್ತೆ ಅಷ್ಟೆ. ಕಾಯಿ ಆರಿಸೋರ ಕೂಲಿ ಬೇರೆ. ಆದ್ರೂ ಮರ ಕಡೀಬೇಡಿ, ಹಿಂಡಿ ಗೊಬ್ಬರಕ್ಕೆ ಆಗುತ್ತೆ, ನೆರಳಂತೂ ಬಿಟ್ಟಿ.

ಪ್ರಶ್ನೆ: ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇರೋವಾಗ ಡೀಸೆಲ್ ಯಾಕೆ ಬೇಕು?
(ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ)

ಉತ್ತರ: 13 ಸಾವಿರ ಎಕರೆ, 2050 ಮೆಗಾವಾಟ್, ದೊಡ್ಡದೇ. ಅಲ್ಲಿನ ರೈತರು ಜಮೀನು ಮಾರ್ಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುಮಾಡಿ ಗುತ್ತಿಗೆಗೆ ಕೊಟ್ರು, ಈ ಪದ್ಧತಿ ನಂಗೆ ಇಷ್ಟ ಆಯ್ತು. ಆದ್ರೆ ಅದು ಕೊಡೋದು ಕರೆಂಟು, ಅದೂ ಹಗಲಲ್ಲಿ. ನಿಮ್ಮೂರಿಗೆ ಟೊಮ್ಯಾಟೊ ತರೋ ಲಾರಿ ಕೋಲಾರ ಬಿಡೋದು ರಾತ್ರಿ, ಅದರ ಟ್ಯಾಂಕಲ್ಲಿರೋದು ಇನ್ನೂ ಡೀಸೆಲ್ಲೇ.