ಪ್ರವಾಸಕ್ಕೆ ಹೋದಲ್ಲಿ ಯುದ್ಧಸ್ಮರಣೆಯ ಕಾರ್ಯಕ್ರಮ ಎದುರಾದರೆ ನಾವು ಹೇಗಿರಬೇಕು?

ನಿಮ್ಮ ಪ್ರಶ್ನೆಯಲ್ಲಿರುವ ಮಾವನವರ ಜಾಗದಲ್ಲಿ ನನಗೆ ನಮ್ಮಣ್ಣನೇ ಕಂಡ. ನವೆಂಬರ್ ಎರಡನೇ ವಾರ ಹಾವೇರಿಯಿಂದ ಲಂಡನ್ನಿಗೆ, ಮೈದುನನ ಮನೆಗೆ ಹೊರಟಿದ್ದೀರಿ. ಆ ಭಾನುವಾರ ಅಲ್ಲಿ ಸೈನಿಕರ ಸ್ಮರಣೆ ಇರುತ್ತದೆ. ಮಾವನವರು ಧೋತರ ಉಡುವವರು, ಸ್ಮಾರಕ ಕಂಡಲ್ಲಿ ಕೈ ಮುಗಿಯುವವರು. ಅಲ್ಲಿಯವರ ಎದುರು ಆಭಾಸವಾಗದ ಹಾಗೆ ಅವರನ್ನು ಹೇಗೆ ತಯಾರು ಮಾಡಲಿ, ಇಲ್ಲವೇ ಅತ್ತ ಹೋಗದಿರುವುದೇ ಮೇಲೋ ಎಂದು ಕೇಳಿದ್ದೀರಿ. ಹೋಗಿ. ಮಾವನವರನ್ನು ಮಾತ್ರ ತಯಾರು ಮಾಡಬೇಡಿ. ನಾನು ಅಣ್ಣನನ್ನು ತಯಾರು ಮಾಡಲು ಹೋಗಿ ಏನಾಯಿತು ಎಂಬುದನ್ನು ಬರೆಯುತ್ತೇನೆ.

ಅಣ್ಣ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದವನು. ಬೆಟಗೇರಿಯ ನಮ್ಮ ಹಳೆಯ ಮನೆಯಲ್ಲೇ ಇರುತ್ತಾನೆ. ನಾನು ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರಿಣಿಯಾಗಿದ್ದೆ. ಕೆಲವು ವರ್ಷಗಳ ಹಿಂದೆ ಮಗಳು ಇಂಗ್ಲೆಂಡಿನಲ್ಲಿದ್ದಾಗ ನಮ್ಮಿಬ್ಬರನ್ನೂ ಕರೆಸಿಕೊಂಡು, ಅಲ್ಲಿಂದ ಒಂದು ಬಸ್ ಟೂರಿಗೆ ಹಾಕಿದಳು. ಅಣ್ಣ ಪ್ಯಾರಿಸ್ ಕೇಳಲಿಲ್ಲ, ಸ್ವಿಟ್ಜರ್ಲೆಂಡ್ ಕೇಳಲಿಲ್ಲ. ಟೂರಿನ ಕಾಗದದಲ್ಲಿ ಬೆಲ್ಜಿಯಮ್‌ನ ಈಪರ್ ಎಂಬ ಊರಿನ ಮೇಲೆ ಬೆರಳಿಟ್ಟು, ‘ಇಲ್ಲಿ ನಮ್ಮವ್ರ ಹೆಸರು ಅದಾವು’ ಅಂದ.

ಇವೆ. ಮೊದಲ ಮಹಾಯುದ್ಧದಲ್ಲಿ, 1914ರ ಅಕ್ಟೋಬರ್ ಕೊನೆಗೆ, ಬ್ರಿಟಿಷರ ಕೈಕೆಳಗಿನ ಭಾರತೀಯ ಸೇನೆಯ ಲಾಹೋರ್ ಡಿವಿಜನ್ನಿನ ಸಿಪಾಯಿಗಳು ಈಪರ್ ಸುತ್ತಲಿನ ಕಂದಕಗಳಿಗೆ ಬಂದಿಳಿದರು. ಎಷ್ಟೋ ಜನ ಹತ್ತಿಯ ತೆಳು ಬಟ್ಟೆಯಲ್ಲೇ ಇದ್ದರು, ಚಳಿಗಾಲ ಶುರುವಾಗಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಜರ್ಮನರು ಅಲ್ಲಿ ವಿಷಾನಿಲ ಬಿಟ್ಟಾಗಲೂ ಬ್ರಿಟಿಷರು ನಮ್ಮವರನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದರು. ಆ ಊರಿನ ಅಂಚಿನಲ್ಲಿ ಮೆನಿನ್ ಗೇಟ್ ಎಂಬ ದೊಡ್ಡ ಕಮಾನಿದೆ, ನಡುವೆ ಊರಿನ ರಸ್ತೆಯೇ ಹಾದುಹೋಗುತ್ತದೆ. ಒಳಗೋಡೆಗಳ ತುಂಬ, ಮೆಟ್ಟಿಲ ಪಕ್ಕದ ಗೋಡೆಗಳಲ್ಲೂ ಹೆಸರು. 54,000ಕ್ಕೂ ಹೆಚ್ಚು ಜನ, ಎಲ್ಲರೂ ಗೊತ್ತಾದ ಗೋರಿ ಇಲ್ಲದವರು. ಅವರಲ್ಲಿ ಭಾರತೀಯ ಸೇನೆಯವರು 400ಕ್ಕೂ ಮಿಕ್ಕಿ. 1928ರಲ್ಲಿ ಶುರುವಾಗಿ, 1929ರಿಂದ ಪ್ರತಿ ಸಂಜೆ ಎಂಟಕ್ಕೆ ರಸ್ತೆ ನಿಲ್ಲಿಸಿ ಅಲ್ಲಿ ಬಿಗಲ್ ಊದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಊರು ಹಿಡಿದಿದ್ದ ವರ್ಷಗಳನ್ನು ಬಿಟ್ಟರೆ ಇದು ತಪ್ಪಿಲ್ಲ. ಪೊಲೆಂಡಿನ ಸೈನ್ಯ ಊರನ್ನು ಬಿಡಿಸಿದ ದಿನ ಸಂಜೆಯೇ ಮತ್ತೆ ಊದಿದರು.

ಅಣ್ಣನ ರೆಜಿಮೆಂಟಿನವರು ಮೊದಲ ಮಹಾಯುದ್ಧದಲ್ಲಿ ಹೆಚ್ಚಾಗಿ ಹೋದದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ. 1916ರ ಏಪ್ರಿಲ್‌ನಲ್ಲಿ ಕೂತ್ ಊರಿನಲ್ಲಿ ಶರಣಾದ ಸೈನ್ಯದಲ್ಲಿ ಮರಾಠಾ ಪಲ್ಟನ್ನುಗಳೂ ಇದ್ದವು. ಅದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ‘ಯಾವ ಪಲ್ಟನ್ ಆದ್ರೇನವಾ, ಅಷ್ಟು ದೂರ ಹೋಗಿ ಹೆಸರು ಓದವ್ರು ಬೇಕಲ್ಲ’ ಅಂದ.

ಇಲ್ಲಿ ಅವನ ಒಂದು ರೂಢಿಯನ್ನು ಹೇಳಬೇಕು. ಬೆಟಗೇರಿಯಲ್ಲಿ ಸಾವಿರ ವರ್ಷಕ್ಕೂ ಹಿಂದಿನ, ರಾಷ್ಟ್ರಕೂಟರ ಕಾಲದ ವೀರಗಲ್ಲುಗಳಿವೆ. ನಮ್ಮ ಕಡೆಯ ವೀರಗಲ್ಲು ನೋಡಿದ್ದೀರಲ್ಲ? ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿರಿದು ಕಾದಾಡುವವನು, ನಡುವಿನ ಪಟ್ಟಿಯಲ್ಲಿ ಅವನನ್ನು ಎರಡೂ ಕಡೆಯಿಂದ ಹಿಡಿದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈ ಮುಗಿದು ಕೂತ ಅವನೇ, ತುದಿಗೆ ಸೂರ್ಯ ಚಂದ್ರ. ಆ ಕಲ್ಲುಗಳ ಮುಂದೆ ಹಾಯುವಾಗ ನಮ್ಮಜ್ಜ ಚಪ್ಪಲಿ ಕೈಗೆ ತಗೊಳ್ಳುತ್ತಿದ್ದ, ನಮಗೂ ತೆಗೆಸುತ್ತಿದ್ದ. ಅಣ್ಣ ಅದನ್ನು ಬಿಡಲೇ ಇಲ್ಲ. ಯುನಿಫಾರ್ಮಿನಲ್ಲಿದ್ದರೆ ಬೂಟು, ಇಲ್ಲದಿದ್ದರೆ ಬರಿಗಾಲು, ಇದು ಅವನ ಕಾಯಿದೆ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಪಾರ್ಥಿವ ಶರೀರವನ್ನು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಇಟ್ಟಿದ್ದರಲ್ಲ, ಸಿಯಾಚಿನ್ ಹಿಮದಡಿ ಆರು ದಿನ ಉಸಿರು ಹಿಡಿದಿದ್ದ ಮನುಷ್ಯ, ಆವತ್ತು ಆ ನೂಕುನುಗ್ಗಲಿನಲ್ಲೂ ಅಣ್ಣ ಬೂಟನ್ನು ಕಂಕುಳಲ್ಲಿ ಹಿಡಿದು ಸಾಲಿನಲ್ಲಿ ನಿಂತಿದ್ದ. ಯಾರೋ ಕಾಲು ತುಳಿದು ಹೆಬ್ಬೆರಳ ಉಗುರು ಕಪ್ಪಾಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಈಪರ್‌ನಲ್ಲಿ ನಾನು ಮಾಡಿದ್ದನ್ನು ಕೇಳಿ.

ಎಂಟಕ್ಕೆ ಹತ್ತು ನಿಮಿಷ ಇತ್ತು. ಬೇಗ ಬಂದಿದ್ದರಿಂದ ಕಮಾನಿನ ಒಳಗೆ ಎರಡನೇ ಸಾಲಿನಲ್ಲೇ ಜಾಗ ಸಿಕ್ಕಿತ್ತು. ಅಣ್ಣ ಬಗ್ಗಿ ಬೂಟಿನ ಲೇಸು ಬಿಚ್ಚಿದ, ಕಾಲುಚೀಲ ತೆಗೆದು ಬೂಟಿನೊಳಗೆ ತುರುಕಿದ, ಬೂಟನ್ನು ಗೋಡೆಗೆ ಒತ್ತಿ ಇಟ್ಟ, ಆ ಥಂಡಿ ಕಲ್ಲಿನ ಮೇಲೆ ಬರಿಗಾಲಲ್ಲಿ ನೆಟ್ಟಗೆ ನಿಂತ. ಮುಂದಿನ ಸಾಲಿನ ಒಬ್ಬ ಹೆಂಗಸು ತಿರುಗಿ ಅವನ ಪಾದ ನೋಡಿದಳು. ಅಷ್ಟೇ. ಏನೂ ಅನ್ನಲಿಲ್ಲ, ಮುಖ ಸಿಂಡರಿಸಲಿಲ್ಲ. ನೋಡಿದಳು, ಮತ್ತೆ ಮುಂದೆ ತಿರುಗಿದಳು. ನನಗೆ ಮಾತ್ರ ಮೈಯೆಲ್ಲ ಹಿಡಿ ಆಯಿತು. ‘ಬೂಟು ಹಾಕ್ಕೋ ಅಣ್ಣಾ, ಮಂದಿ ನೋಡಾಕತ್ತಾರ. ಇಲ್ಲೆ ಇದು ನಡಿಯೂದಿಲ್ಲ’ ಅಂದೆ.

ನಡೆಯುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು? ಹೋಗುವ ಮುಂಚೆ ಅಲ್ಲಿಯ ಪದ್ಧತಿಯನ್ನೆಲ್ಲ ಓದಿಕೊಂಡಿದ್ದೆ. ಮಾತಾಡಬಾರದು, ಫೋನಿನ ಸದ್ದು ಇರಬಾರದು, ಮುಗಿದ ಮೇಲೆ ಚಪ್ಪಾಳೆ ತಟ್ಟಬಾರದು. ಅಲ್ಲಿ ಕೇಳುವುದು ಇಷ್ಟನ್ನೇ. ಪಾದದ ಮಾತು ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿದವಳು ನಾನು. ಪರದೇಶದಲ್ಲಿ ನಮ್ಮ ಪದ್ಧತಿ ಎಂದರೆ ಮುಚ್ಚಿಡಬೇಕಾದದ್ದು ಎಂಬ ಒಂದು ಭಾವನೆ ನನ್ನೊಳಗೇ ಇತ್ತು, ಆ ಹೆಂಗಸಿನ ಒಂದು ನೋಟ ಸಾಕಾಯಿತು ಅದು ಹೊರಗೆ ಬರಲಿಕ್ಕೆ. ಅದೂ ಸಾಲದ್ದಕ್ಕೆ ನನ್ನ ದನಿ. ವರ್ಷಗಟ್ಟಲೆ ಮಕ್ಕಳಿಗೆ ‘ಸಾಲು ಸರಿ ಮಾಡ್ರಿ’ ಅಂದ ದನಿ ಅದು. ಅಣ್ಣ ಎದುರಾಡುವವನಲ್ಲ, ಹೇಳಿದ್ದನ್ನು ಆಜ್ಞೆ ಅಂತಲೇ ತಗೊಂಡ.

ಆದರೆ ಅವನು ನಿಂತಲ್ಲೇ ಬಗ್ಗಲಿಲ್ಲ. ಅಷ್ಟೊತ್ತಿಗೆ ಜನ ತುಂಬಿದ್ದರು, ನಡುವೆ ಕೂತು ಲೇಸು ಕಟ್ಟಿದರೆ ಪಕ್ಕದವರಿಗೆ ತೊಂದರೆ ಎಂದು ಬೂಟು ಎತ್ತಿಕೊಂಡು ಸಾಲಿನಿಂದ ಹೊರಗೆ, ಕಮಾನು ದಾಟಿ ಕೋಟೆಕಂದಕದ ಸೇತುವೆಯ ಕಡೆಗೆ ಹೋದ. ಮಗಳು ಕೊಡಿಸಿದ ಚಳಿಗಾಲದ ಬೂಟು, ಉದ್ದುದ್ದ ಲೇಸು, ಆರು ಕಡೆ ಕೊಂಡಿ. ಅರ್ಧ ಕಟ್ಟಿಕೊಂಡು ಬರೋಣ ಎಂಬ ಬುದ್ಧಿ ಸೈನ್ಯದಲ್ಲಿದ್ದವನಿಗೆ ಬರುವುದಿಲ್ಲ. ಒಂದು ಬೂಟು ಪೂರ್ತಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಾಗ ಬಿಗಲ್ ಶುರುವಾಯಿತು. ಅವನು ಎದ್ದು ಅಲ್ಲೇ ಸಾವಧಾನ್ ನಿಂತ. ಜನ ಕಮಾನಿನ ಬಾಯಿಯನ್ನು ಮುಚ್ಚಿಬಿಟ್ಟಿದ್ದರು. ಅವನಿಗೆ ಕಂಡದ್ದು ಬೆನ್ನುಗಳು. ನನ್ನ ಪಕ್ಕದ ಜಾಗ ಖಾಲಿಯೇ ಇತ್ತು, ಬೇರೆ ಯಾರೂ ಅಲ್ಲಿ ಬಂದು ನಿಲ್ಲಲಿಲ್ಲ, ಮೌನ ಶುರುವಾದ ಮೇಲೆ ಅಲುಗುವ ಹಾಗೂ ಇರಲಿಲ್ಲ.

ಮುಗಿದ ಮೇಲೆ ಹೆಸರು ನೋಡಬಹುದು ಅಂದುಕೊಂಡಿದ್ದೆವು. ಜನ ಕರಗಿ, ಅಣ್ಣನನ್ನು ಹುಡುಕಿ, ಭಾರತೀಯರ ಹೆಸರುಗಳಿರುವ ಫಲಕ ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಟೂರಿನವರು ಬಸ್ಸಿಗೆ ಕೂಗಿದರು. ಮರುದಿನ ಬೆಳಿಗ್ಗೆ ಬಸ್ಸು ಬೇರೆ ದೇಶಕ್ಕೆ. ಪಕ್ಕದ ಕೋಟೆಗೋಡೆಯ ಹುಲ್ಲಿನ ಮೇಲೆ ಅಶೋಕ ಸ್ತಂಭದ ಸಿಂಹಗಳಿರುವ ನಮ್ಮ ಸೈನಿಕರದೇ ಸ್ಮಾರಕ ಒಂದಿದೆ, ಅದನ್ನೂ ನೋಡಲಾಗಲಿಲ್ಲ. ಬಸ್ಸಿನಲ್ಲಿ ನಾನು ಏನೇನೋ ಹೇಳಲು ಹೋದೆ. ಅಣ್ಣ, ‘ಬಿಡವಾ, ಬಿಗಲ್ ಕೇಳ್ಸಿತಲ್ಲ’ ಅಂದ. ಆಮೇಲೆ ಅವನ ಮೊಣಕಾಲು ಕೆಟ್ಟವು, ಇನ್ನೊಂದು ಸಲ ವಿಮಾನ ಹತ್ತುವ ಮಾತೇ ಇಲ್ಲ. ಆ ಹೆಸರುಗಳನ್ನು ಓದಬೇಕೆಂದು ಅಷ್ಟು ದೂರ ಬಂದವನು ಒಂದೂ ಹೆಸರು ಓದದೆ ವಾಪಸಾದ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ‘ಅವರ ಯುದ್ಧ, ನಮಗೇನು ಸಂಬಂಧ’ ಎಂದು ನೀವು ಬರೆದ ಒಂದು ಸಾಲನ್ನು ನಾನು ಒಪ್ಪುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು 74,000ದಷ್ಟು. ಎರಡನೆಯದರಲ್ಲಿ 25 ಲಕ್ಷ ಜನ ಸೇನೆಗೆ ಸೇರಿದರು, 87,000 ಜನ ಸತ್ತರು. ಬೆಳಗಾವಿಯ ರೆಜಿಮೆಂಟಿನ, ಅಂದರೆ ಅಣ್ಣನದೇ ಮರಾಠಾ ರೆಜಿಮೆಂಟಿನ ಇಬ್ಬರು, ಯಶವಂತ ಘಾಡಗೆ ಮತ್ತು ನಾಮದೇವ ಜಾಧವ, ಇಟಲಿಯಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಗಳಿಸಿದರು. ಘಾಡಗೆ ಅಲ್ಲೇ ಸತ್ತರು. ಲಂಡನ್ನಿನ ವೈಟ್‌ಹಾಲ್‌ನಲ್ಲಿ ಜನ ಸೇರುವ ಸೆನೊಟಾಫ್ ಸ್ಮಾರಕದ ನಕ್ಷೆ ಮಾಡಿದ ಲುಟ್ಯೆನ್ಸ್ ಅವರೇ ನಮ್ಮ ಇಂಡಿಯಾ ಗೇಟಿನ ನಕ್ಷೆಯನ್ನೂ ಮಾಡಿದ್ದು. ಅಲ್ಲಿ ನೀವು ಹೊರಗಿನವರು ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಹೋದರೆ ನನ್ನ ಹಾಗೆ ಹೆದರಿಕೊಂಡೇ ನಿಲ್ಲುತ್ತೀರಿ.

ನನ್ನ ಲೆಕ್ಕ ಇಷ್ಟು. ಬೇರೆಯವರ ಕಿವಿಗೆ ಬೀಳುವುದನ್ನು, ಬೇರೆಯವರ ಕಣ್ಣಿಗೆ ಅಡ್ಡ ಬರುವುದನ್ನು ಮಾಡಬೇಡಿ. ನಿಮ್ಮ ಮೈಯೊಳಗೇ ಮುಗಿಯುವುದನ್ನು ಯಾರ ಅಪ್ಪಣೆಯೂ ಇಲ್ಲದೆ ಮಾಡಿ. ಹುಬ್ಬಳ್ಳಿಯಲ್ಲಿ ಕೊಪ್ಪದ ಅವರಿಗೆ ಗಂಟಲು ಹರಿಯುವ ಹಾಗೆ ಜೈಕಾರ ಹಾಕಿದೆವು, ಅದು ಸರಿಯೇ ಇತ್ತು, ಅಲ್ಲಿ ಎಲ್ಲರೂ ಹಾಕುತ್ತಿದ್ದರು. ಲಂಡನ್ನಿನ ಮೌನದಲ್ಲಿ ಜೈಕಾರ ಹಾಕಿದರೆ ಪಕ್ಕದಲ್ಲಿ ಅಜ್ಜನನ್ನು ನೆನೆಯುತ್ತ ನಿಂತವರ ಮೌನ ಕಸಿದಂತೆ. ಫೋನ್ ಎತ್ತಿ ವಿಡಿಯೊ ಮಾಡುವುದೂ ಹಾಗೆಯೇ, ಹಿಂದಿನವರಿಗೆ ನಿಮ್ಮ ಫೋನೇ ಕಾಣುತ್ತದೆ. ಕೈ ಮುಗಿಯುವುದು, ಕಣ್ಣಿಗೆ ಒತ್ತಿಕೊಳ್ಳುವುದು, ಚಪ್ಪಲಿ ಬಿಡುವುದು, ಇವು ಯಾರಿಗೂ ಅಡ್ಡ ಬರುವುದಿಲ್ಲ. ಮಾವನವರು ಧೋತರ ಉಟ್ಟರೆ ಉಡಲಿ. ಅದು ಅವರ ಮರ್ಯಾದೆಯ ಉಡುಪು.

ವೈಟ್‌ಹಾಲ್‌ಗೆ ವಯಸ್ಸಾದವರನ್ನು ಕರೆದೊಯ್ಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ರಸ್ತೆಗಳು ಬಂದ್, ತಪಾಸಣೆ, ಗಂಟೆಗಟ್ಟಲೆ ನಿಲ್ಲಬೇಕು, ಕೊನೆಗೆ ದೂರದ ತಲೆಗಳಷ್ಟೇ ಕಾಣುವುದು. ಬ್ರಿಟನ್ನಿನಲ್ಲಿ ಊರೂರಿಗೆ, ಬಡಾವಣೆ ಬಡಾವಣೆಗೆ ಯುದ್ಧಸ್ಮಾರಕವಿದೆ. ಮೈದುನನ ಮನೆ ಹತ್ತಿರದ್ದು ಯಾವುದು, ಆ ಭಾನುವಾರ ಎಷ್ಟೊತ್ತಿಗೆ ಸೇರುತ್ತಾರೆ ಎಂದು ಈಗಲೇ ಕೇಳಿಸಿ. ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಮೌನ. ನವೆಂಬರ್ 11ರಂದೂ 11 ಗಂಟೆಗೆ ಮೌನವಿರುತ್ತದೆ, 1918ರಲ್ಲಿ ಯುದ್ಧ ನಿಂತ ಹೊತ್ತು ಅದು. ಆಗ ಅಂಗಡಿಯಲ್ಲೋ ಸ್ಟೇಷನ್ನಿನಲ್ಲೋ ಇದ್ದು, ಸುತ್ತಲಿನವರು ನಿಂತರೆ ನೀವೂ ನಿಂತುಬಿಡಿ. ಮಾಜಿ ಸೈನಿಕರು ಸಾಲಾಗಿ ನಡೆದುಹೋಗುವಾಗ ಜನ ಚಪ್ಪಾಳೆ ತಟ್ಟಿದರೆ ನೀವೂ ತಟ್ಟಿ, ಅದಕ್ಕೆ ಅಡ್ಡಿಯಿಲ್ಲ.

ಸತ್ತ ಸೈನಿಕರ ನೆನಪಿಗೆ ಅಲ್ಲಿಯವರು ಅಂಗಿಗೆ ಸಿಕ್ಕಿಸಿಕೊಳ್ಳುವ ಕೆಂಪು ಪಾಪಿ ಹೂವು ಕಡ್ಡಾಯವಲ್ಲ. ಆ ಹೂವು ಈಪರ್ ಸುತ್ತಲಿನ ಹೊಲಗಳಲ್ಲಿ ಬೆಳೆಯುವಂಥದು. ಅಂಗಡಿ, ಸ್ಟೇಷನ್ನುಗಳಲ್ಲಿ ಡಬ್ಬಿ ಹಿಡಿದು ನಿಂತವರ ಹತ್ತಿರ ಕೈಲಾದಷ್ಟು ಹಾಕಿ ತಗೊಳ್ಳಿ, ಆ ದುಡ್ಡು ಮಾಜಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ ಹೋಗುತ್ತದೆ. ಮಾವನವರಿಗೂ ಒಂದು ಕೊಡಿ, ಅಂಗಿಗೆ ಸಿಕ್ಕಿಸಿಕೊಳ್ಳುವುದು ಬಿಡುವುದು ಅವರಿಗೇ ಬಿಟ್ಟದ್ದು.

ಈಪರ್‌ಗೂ ಹೋಗುವ ಯೋಚನೆ ಇದ್ದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಸಂಜೆ ಏಳಕ್ಕೇ ಕಮಾನಿನ ಒಳಗಿರಿ, ಹೆಸರು ಓದುವ ಕೆಲಸವನ್ನು ಮರುದಿನ ಬೆಳಕಿನಲ್ಲಿ ಇಟ್ಟುಕೊಳ್ಳಿ, ಗೋಡೆ ಎತ್ತರ, ಅಕ್ಷರ ಸಣ್ಣದು. ಹೂಮಾಲೆ ಅರ್ಪಿಸಬೇಕೆಂದರೆ ನಮ್ಮಲ್ಲಿಯ ಹಾಗೆ ಹೋದ ಮೇಲೆ ನೋಡೋಣ ಎಂದರೆ ಆಗದು, ಕಾರ್ಯಕ್ರಮ ನಡೆಸುವವರಿಗೆ ಮೊದಲೇ ಬರೆದು ಹೆಸರು ಕೊಡಬೇಕು. ಮಾವನವರ ಬೂಟು ಲೇಸಿನದು ಬೇಡ, ಪಟ್ಟಿ ಎಳೆದು ಅಂಟಿಸುವಂಥದು ಕೊಡಿಸಿ, ದಪ್ಪ ಉಣ್ಣೆಯ ಕಾಲುಚೀಲ ಎರಡು ಜೊತೆ ಇಡಿ. ಬೂಟು ಬಿಟ್ಟು ನಿಂತರೆ ಕಾಲುಚೀಲದಲ್ಲೇ ನಿಲ್ಲಲಿ, ನವೆಂಬರ್‌ನಲ್ಲಿ ಆ ಕಲ್ಲು ಕೊರೆಯುತ್ತದೆ.