ಪ್ರತಿ: ಕಾರಿನ ಎಡ ಬಾಗಿಲಿನ ಗಾಜು ಅರ್ಧಕ್ಕೆ ವಾಲಿ ನಿಂತಿದೆ, ಗುಜರಿ ರೆಗ್ಯುಲೇಟರ್ ಹಾಕಬಹುದೇ?

ಸ್ವಿಚ್ ಒತ್ತಿದಾಗ 'ಕರ್ರ್' ಅಂತ ಸದ್ದು ಬರುತ್ತದೆ ಎಂದಿದ್ದೀರಿ, ಹಾಗಾದರೆ ಮೋಟಾರಿಗೆ ಜೀವವಿದೆ. ಹೆಚ್ಚಾಗಿ ಗಾಜನ್ನು ಏರಿಳಿಸುವ ಜೋಡಣೆಯಾದ ರೆಗ್ಯುಲೇಟರಿನ ಕೇಬಲ್ ತುಂಡಾಗಿರಬೇಕು, ಇಲ್ಲವೇ ಗಾಜು ಹಿಡಿಯುವ ಪ್ಲಾಸ್ಟಿಕ್ ಸ್ಲೈಡರ್ ಒಡೆದಿರಬೇಕು. ಯಾವುದೆಂದು ಬಾಗಿಲು ಬಿಚ್ಚಿದರಷ್ಟೇ ತಿಳಿದೀತು. ಹಳೆಯದು ಧಾರಾಳ ಹಾಕಬಹುದು.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹಿಡಿಯ ಹಿಂದಿನ ಸ್ಕ್ರೂ ತೆಗೆದು ಬಾಗಿಲಿನ ಒಳಮೈಯ ಪ್ಯಾಡ್ ಬಿಡಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯಬೇಡಿ, ನಿಧಾನಕ್ಕೆ ಸುಲಿಯಿರಿ. ನಮ್ಮ ಕಾಸರಗೋಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಆ ಹಾಳೆ ಸರಿ ಅಂಟದಿದ್ದರೆ ಸೀಟಿನಡಿ ನೀರು ನಿಲ್ಲುತ್ತದೆ, ನಾನು ಅನುಭವಿಸಿದ್ದೇನೆ. ಗಾಜನ್ನು ಮೇಲಕ್ಕೆತ್ತಿ ಚೌಕಟ್ಟಿಗೆ ಅಗಲ ಟೇಪ್ ಬಿಗಿದ ಮೇಲೆಯೇ ರೆಗ್ಯುಲೇಟರಿನ ಬೋಲ್ಟ್ ಸಡಿಲಿಸಿ.

ಕಳಚಿದ ರೆಗ್ಯುಲೇಟರನ್ನು ಕೈಯಲ್ಲೇ ಹಿಡಿದುಕೊಂಡು ಗುಜರಿಗೆ ಹೋಗಿ. ಎಡದ್ದು ಬಲಕ್ಕೆ ಕೂರುವುದಿಲ್ಲ, ಕನೆಕ್ಟರಿನ ಪಿನ್ನುಗಳನ್ನೂ ಎಣಿಸಿ. ದುಡ್ಡು ಕೊಡುವ ಮುಂಚೆ ಅಲ್ಲೇ 12 ವೋಲ್ಟ್ ಬ್ಯಾಟರಿ ಕೊಟ್ಟು ಓಡಿಸಿ. ಎರಡು ಪಿನ್ನಿನ ಮೋಟಾರಾದರೆ ವಯರ್ ಅದಲುಬದಲು ಮಾಡಿದಾಗ ತಿರುಗಿ ಓಡಬೇಕು. ಕೇಬಲ್ ರಾಟೆಯ ಮೇಲೆ ಹೊರಳುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಂತೆ ಒಂದು ತಂತಿ ಎದ್ದಿದ್ದರೂ ಬೇಡ. ಗುಜರಿಯದರ ಕೇಬಲ್ ಚೆನ್ನಾಗಿದ್ದು ಮೋಟಾರ್ ಮಾತ್ರ ಸತ್ತಿದ್ದರೆ ನಿಮ್ಮ ಮೋಟಾರನ್ನೇ ಅದಕ್ಕೆ ಜೋಡಿಸಬಹುದು.

ಕೂರಿಸುವ ಮುನ್ನ ಗಾಜು ಜಾರುವ ರಬ್ಬರ್ ಚಾನೆಲ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸ್, ಎಂಜಿನ್ ಆಯಿಲ್ ಬೇಡವೇ ಬೇಡ, ರಬ್ಬರ್ ಉಬ್ಬುತ್ತದೆ. ಬೋಲ್ಟುಗಳನ್ನು ಅರ್ಧ ಬಿಗಿದು, ಸ್ವಿಚ್, ಬ್ಯಾಟರಿ ಮತ್ತೆ ಜೋಡಿಸಿ, ಗಾಜನ್ನು ಪೂರ್ತಿ ಮೇಲೇರಿಸಿ, ನೇರವಾಗಿ ಕೂತ ಮೇಲೆ ಬಿಗಿಗೊಳಿಸಿ. ನಾಲ್ಕೈದು ಸಲ ಏರಿಳಿಸಿ ನೋಡಿಯೇ ಹಾಳೆ ಅಂಟಿಸಿ, ಪ್ಯಾಡ್ ಹಾಕಿ.